ಬೀಗರ ಹಿಂದೆ ಶ್ರೀಶೈಲಕ್ಕೆ

ನಮ್ಮ ಬೀಗರ ಕಿವಿಯ ಕೂದಲಿಗೆ ಸದಾ ಜೋಳದ ಹಿಟ್ಟು ಅಂಟಿರುತ್ತಿತ್ತು. ದೇವದುರ್ಗದಲ್ಲಿ ಅವರದು ಹಿಟ್ಟಿನ ಗಿರಣಿ. ಜಳಕ ಮಾಡಿ, ವಿಭೂತಿ ಹಚ್ಚಿ, ಹೊಸ ಧೋತರ ಉಟ್ಟು ಮಗನ ಮದುವೆಯ ಹಂದರದಲ್ಲಿ ಕೂತಾಗಲೂ ಆ ಎರಡು ಕಿವಿಗಳು ಬೆಳ್ಳಗೇ ಇದ್ದವು. ಆ ಮಗನಿಗೆ ನನ್ನ ಮಗಳನ್ನು ಕೊಟ್ಟವನು ನಾನು. ಹೆಣ್ಣು ಕೊಟ್ಟವನು ಬೀಗರ ಮುಖಕ್ಕೆ ಮುಖ ಕೊಟ್ಟು ಮಾತಾಡುವುದು ಕಡಿಮೆ. ನೆಲ ನೋಡಬೇಕು, ಇಲ್ಲವೇ ಕಿವಿ ನೋಡಬೇಕು. ಹೀಗಾಗಿ ಅವರ ಕಿವಿಗಳು ನನಗೆ ಅವರ ಮುಖಕ್ಕಿಂತ ಚೆನ್ನಾಗಿ ನೆನಪಿವೆ.

ಒಂದು ವರ್ಷ ಶಿವರಾತ್ರಿ ಮುಗಿದ ಮೇಲೆ ಅವರು ಫೋನು ಮಾಡಿ, “ಬೀಗ್ರ, ಯುಗಾದಿಗೆ ಶ್ರೀಶೈಲಕ್ಕ ನಡಕೋತ ಹೊಂಟೀವ್ರಿ, ನೀವೂ ಬರ್ರಿ,” ಎಂದರು. ಫೋನು ಇಟ್ಟವನೇ ಏನೇನು ಕೆಡಬಹುದು ಎಂದು ಎಣಿಸಲು ಕೂತೆ. ಬಿಸಿಲು ಹೊಡೆಯಬಹುದು. ಅಂಗಾಲಿಗೆ ಗುಳ್ಳೆ ಎದ್ದು ಕೀವಾಗಬಹುದು. ನೀರು ಬದಲಾಗಿ ಹೊಟ್ಟೆ ಕೆಡಬಹುದು. ಕೆಟ್ಟ ಹೊತ್ತಿಗೆ ಒಂದು ಜಾಲಿ ಮರದ ಮರೆಯೂ ಸಿಗದಿರಬಹುದು. ನಲ್ಲಮಲ ಕಾಡಿನಲ್ಲಿ ಕರಡಿ ಎದುರಾಗಬಹುದು. ಕರಡಿ ಕಂಡರೆ ಓಡಬಾರದು, ಮರ ಹತ್ತಬಾರದು ಎಂದು ಕೇಳಿದ್ದೆ. ಏನು ಮಾಡಬೇಕು ಎಂದು ಹೇಳಿದವರು ಯಾರೂ ಇರಲಿಲ್ಲ. ಹಾವು. ನೂಕುನುಗ್ಗಲು. ನಾನು ಗೊರಕೆ ಹೊಡೆಯುವ ವಿಷಯ ಬೀಗರಿಗೆ ಗೊತ್ತಾಗಬಹುದು. ಬಾಯಿ ತಪ್ಪಿ ಏನಾದರೂ ಅಂದುಬಿಡಬಹುದು, ಅಂದ ಮಾತಿಗೆ ಮಗಳ ಸಂಸಾರ ಮುರಿಯಬಹುದು. ಏನೂ ಅನ್ನದೆ ಸುಮ್ಮನಿದ್ದರೂ ಮುರಿಯಬಹುದು.

ಮಾನ್ವಿಯಲ್ಲಿ ನನ್ನದು ಔಷಧಿ ಅಂಗಡಿ. ದಿನಕ್ಕೆ ಊರಿನ ಅರ್ಧ ರೋಗಗಳು ನನ್ನ ಕೌಂಟರಿನ ಮುಂದೆ ಬಂದು ನಿಲ್ಲುತ್ತವೆ. ಉಳಿದರ್ಧ ನನಗೇ ಬರಲಿವೆ ಎಂದು ನಾನು ನಂಬಿಕೊಂಡೇ ಐವತ್ತರ ಹತ್ತಿರ ಬಂದಿದ್ದೇನೆ. ಆದರೆ ಆ ವರ್ಷದ ಚಿಂತೆ ನಿಜವಾದ ಚಿಂತೆ. ದೀಪಾವಳಿಗೆ ತವರಿಗೆ ಬಂದ ಮಗಳು ಶಿವರಾತ್ರಿ ದಾಟಿದರೂ ಗಂಡನ ಮನೆಗೆ ಹೋಗಿರಲಿಲ್ಲ.

ಅವಳು ಮದುವೆಗೆ ಮೊದಲು ರಾಯಚೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಮದುವೆಯಾಗಿ ದೇವದುರ್ಗಕ್ಕೆ ಹೋದ ಮೇಲೂ ಬಸ್ಸಿಗೆ ಓಡಾಡಿ ಕೆಲಸ ಮಾಡುತ್ತೇನೆ ಎಂದಳು. ನಮ್ಮ ಬೀಗತಿ ಮಡಿವಂತೆ. “ಕಂಡಕಂಡವರ ರಕ್ತ, ಉಚ್ಚಿ ಮುಟ್ಟಿ ಬಂದು ನನ್ನ ಒಲಿ ಮುಂದ ಕುಂದರ್ತಾಳೇನ?” ಎಂದರಂತೆ. ಇವಳು, “ಕೈ ತೊಳಕೊಂಡ ಕುಂದರ್ತೀನ್ರೀ ಅತ್ತಿ,” ಎಂದಳಂತೆ. ಈ ಉತ್ತರದಲ್ಲಿ ತಪ್ಪೇನಿದೆ ಎಂದು ಇವಳಿಗೆ ಇವತ್ತಿಗೂ ಗೊತ್ತಿಲ್ಲ, ತಪ್ಪಲ್ಲದೆ ಮತ್ತೇನು ಎಂದು ಬೀಗತಿಗೆ ಬಹಳ ದಿನ ಗೊತ್ತಾಗಲಿಲ್ಲ. ಅಳಿಯ ತಂದೆಯ ಜೊತೆ ಗಿರಣಿ ನಡೆಸುವವನು. ಹಿಟ್ಟು ತೂಗಿ ಕೊಟ್ಟಷ್ಟು ಸಲೀಸಾಗಿ ಮಾತಾಡುವವನಲ್ಲ. ಮಗಳು ಮಾನ್ವಿಗೆ ಬಂದು ಮತ್ತೆ ಲ್ಯಾಬಿಗೆ ಹೋಗತೊಡಗಿದಳು. ಎರಡೂ ಕಡೆಯ ಹಿರಿಯರು, “ಯುಗಾದಿ ಆಗ್ಲಿ, ಕುಂತು ಒಂದು ತೀರ್ಮಾನ ಮಾಡೂಣು,” ಎನ್ನತೊಡಗಿದರು. ಹಿರಿಯರು ಕೂತರೆ ಏನು ತೀರ್ಮಾನವಾಗುತ್ತದೆಂದು ನನಗೆ ಗೊತ್ತಿತ್ತು. ಒಂದೋ ಕೆಲಸ ಬಿಡು, ಇಲ್ಲವೇ ಗಂಡನನ್ನು ಬಿಡು.

“ಹೋಗಿ ಬರ್ರಿ,” ಎಂದಳು ನನ್ನ ಹೆಂಡತಿ. “ಗಂಡಿನ ಕಡ್ಯಾವ್ರು ತಾವಾಗಿ ಕರದಾರ. ಒಲ್ಲೆ ಅಂದ್ರ ಅದೊಂದು ಮಾತಾಗ್ತದ. ಹೋಗಿ, ಹುಡುಗೀನ ಕೆಲಸಕ್ಕ ಬಿಡ್ತಾರೋ ಇಲ್ಲೋ, ಕೇಳ್ಕೊಂಡ ಬರ್ರಿ.”

“ಕೇಳಿದ್ದಕ್ಕ ಸಿಟ್ಟಿಗೆದ್ರ?”

“ನಡಕೋತ ಹೋಗಾಕತ್ತೀರಿ. ಸಿಟ್ಟಿಗೆದ್ರ ಸ್ವಲ್ಪ ಹಿಂದ ಉಳೀರಿ.”

ದೇವದುರ್ಗದಿಂದ ಬರುತ್ತಿದ್ದ ಗುಂಪನ್ನು ನಾನು ರಾಯಚೂರಿಗೆ ಮೊದಲು ಸಿಗುವ ಕಲ್ಮಲದಲ್ಲಿ ಕೂಡಿಕೊಂಡೆ. ಬೆನ್ನಿಗೆ ಚೀಲ. ಅದರಲ್ಲಿ ಒಂದು ಜೊತೆ ಬಟ್ಟೆ, ಉಳಿದದ್ದೆಲ್ಲ ಅಂಗಡಿ. ಬೀಗರ ಹೆಗಲಿಗೆ ಒಂದು ಬಿಳಿ ಜೋಳಿಗೆ, ಕೈಯಲ್ಲೊಂದು ಬಿದಿರ ಕೋಲು, ತಲೆಯ ಮೇಲೆ ಒಂದು ಗಂಟು. ನನ್ನನ್ನು ಕಂಡವರೇ, “ಬಂದ್ರ್ಯಾ! ಛಲೋ ಆತು!” ಎಂದು ಕೂಗಿದರು. ಹೊಲದಾಚೆಯ ನಾಯಿಗಳು ಎದ್ದವು.

ಇಲ್ಲೊಂದು ಮಾತು ಹೇಳಬೇಕು. ಬೀಗರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಜೀವಮಾನವೆಲ್ಲ ಗಿರಣಿಯ ಸದ್ದಿನ ಮೇಲೆ ಮಾತು ಸಾಗಿಸಿದವರು. ಅವರ ಗುಟ್ಟಿನ ಮಾತೂ ಒಂದು ಓಣಿ ದಾಟುತ್ತಿತ್ತು. ಗುಂಪಿನಲ್ಲಿದ್ದ ಒಬ್ಬ ಮುದುಕಿ, ಕೂಲಿಯಾಕೆ, ಎಷ್ಟೋ ಯುಗಾದಿಗಳಿಂದ ಈ ದಾರಿ ತುಳಿದಾಕೆ, ಮೊದಲ ದಿನವೇ ನನ್ನ ಪಕ್ಕಕ್ಕೆ ಬಂದು ಎಚ್ಚರಿಸಿದಳು: “ಯಪ್ಪಾ, ನಿಮ್ಮ ಬೀಗ್ರ ಜೋಡಿ ಮನಿ ವಿಷಯ ಮಾತಾಡಬ್ಯಾಡ. ಅಂವ ಪಿಸುಮಾತು ಆಡಿದ್ರ ಕರ್ನೂಲಿಗೆ ಕೇಳಸ್ತದ.”

ನನಗೆ ಮಾತಾಡದೆ ಇರಲು ಒಂದು ಒಳ್ಳೆಯ ಕಾರಣ ಸಿಕ್ಕಿತು.

ರಾಯಚೂರು ಪೇಟೆಯ ಒಳಗೆ ಗುಂಪು ನಡೆಯುತ್ತಿದ್ದಾಗ ಬೀಗರು ಥಟ್ಟನೆ ನಿಂತರು. “ನಮ್ಮ ಹುಡುಗಿ ಕೆಲಸ ಮಾಡೂ ಜಾಗ ಯಾವ ಕಡೆ ಬರ್ತದ್ರೀ?” ಎಂದು ಕೇಳಿದರು. ಆ ಓಣಿ ತೋರಿಸಿದೆ. ಗಂಟು, ಕೋಲು ನನ್ನ ಕೈಗೆ ಕೊಟ್ಟು, ಧೂಳು ಮೆತ್ತಿದ ಕಾಲಿನಲ್ಲೇ ಒಳಗೆ ಹೋದರು. ನಾನು ಹೊರಗೆ ನಿಂತೆ. ಒಳಗಿಂದ ಕೂಗು ಕೇಳಿದರೆ ಓಡಿ ಹೋಗಬೇಕೋ, ಕೇಳದವನ ಹಾಗೆ ನಿಲ್ಲಬೇಕೋ ಎಂದು ಯೋಚಿಸುತ್ತಿದ್ದೆ. ಕೂಗು ಕೇಳಿತು. “ನನ್ನ ಸಕ್ಕರಿ ನೋಡವಾ!”

ಸ್ವಲ್ಪ ಹೊತ್ತಿನ ಮೇಲೆ ಮೊಳಕೈಗೆ ಹತ್ತಿ ಒತ್ತಿಕೊಂಡು ಹೊರಬಂದರು. ಗಂಟನ್ನು ತಲೆಗೇರಿಸಿಕೊಂಡು ನಡೆಯತೊಡಗಿದರು. ಪೇಟೆ ದಾಟಿದ ಮೇಲೆ ಅಂದದ್ದು ಇಷ್ಟೇ: “ಅಲ್ಲೂ ಒಂದು ಗಿರಣಿ ಅದ್ರೀ. ಗರಗರ ತಿರಗ್ತದ. ಒಳಗ ರಕ್ತದ ಸೀಸೆ.”

ಇದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ. ಆ ಸಂಜೆ ಮಗಳ ಫೋನು ಬಂತು. “ಅಪ್ಪಾ, ಮಾವಾರ ಸಕ್ಕರಿ ಸ್ವಲ್ಪ ಜಾಸ್ತಿ ಅದ. ಅವರ ಕಾಲಿಗೆ ಗಾಯ ಆಗದಂಗ ನೋಡ್ಕೋರಿ. ದಿನಾ ನೋಡ್ರಿ ಮತ್ತ.” ಆಮೇಲೆ, “ನಾ ಹೇಳಿದೆ ಅಂತ ಹೇಳಬ್ಯಾಡ್ರಿ,” ಎಂದಳು.

ಹೀಗೆ ನನ್ನ ಚಿಂತೆಯ ಪಟ್ಟಿಗೆ ಬೀಗರ ಅಂಗಾಲುಗಳೂ ಸೇರಿದವು.

ದಾರಿಯ ಬದುಕು ಬೇರೆಯೇ. ಬೆಳಕು ಹರಿಯುವ ಮೊದಲೇ ಏಳಬೇಕು. ಹಿಂದಿನ ದಿನ ಒಗೆದ ಅಂಗಿ ಒಣಗಿರುವುದಿಲ್ಲ; ಅದನ್ನು ಚೀಲದ ಮೇಲೆ ಹರವಿಕೊಂಡು ನಡೆಯಬೇಕು, ಬಿಸಿಲೇರುವ ಹೊತ್ತಿಗೆ ಒಣಗುತ್ತದೆ. ಮುಂದೆ ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತವರು, ನಡುವೆ ಮರಗಾಲು ಕಟ್ಟಿಕೊಂಡು ಟಕಟಕ ನಡೆಯುವ ಹುಡುಗರು, ಹಿಂದೆ ನಮ್ಮಂಥವರು. ಆಗಾಗ ಯಾರೋ “ಮಲ್ಲಯ್ಯಾ” ಎಂದು ಕೂಗುತ್ತಾರೆ, ಉಳಿದವರು ದನಿಗೂಡಿಸುತ್ತಾರೆ, ನಾಲ್ಕು ಹೆಜ್ಜೆ ಚುರುಕಾಗುತ್ತವೆ, ಮತ್ತೆ ನಿಧಾನ. ಊರು ಬಂದರೆ ದಾಸೋಹದ ಶಾಮಿಯಾನ. ಗಡಿ ದಾಟಿದರೆ “ರಂಡಿ ಸ್ವಾಮಿ, ಮಜ್ಜಿಗ ತಾಗಂಡಿ” ಎಂದು ತೆಲುಗಿನವರು ಮಜ್ಜಿಗೆ ಕುಡಿಯಲು ಕರೆದು, ಕೈ ಹಿಡಿದು ಕೂಡಿಸುತ್ತಾರೆ. ಮಧ್ಯಾಹ್ನ ಮರದ ನೆರಳು, ಸಂಜೆ ಯಾವುದೋ ಶಾಲೆಯ ಪಡಸಾಲೆ. ಫೋನಿಗೆ ಚಾರ್ಜು ಹಾಕಲು ಇರುವ ಒಂದು ಪ್ಲಗ್ಗಿಗೆ ದೇವರ ದರ್ಶನಕ್ಕಿಂತ ದೊಡ್ಡ ಸಾಲು.

ಸಂಜೆ ಬೀಗರು ಉಪ್ಪುನೀರಿನಲ್ಲಿ ಕಾಲು ತೊಳೆದು ಔಡಲೆಣ್ಣೆ ತಿಕ್ಕುತ್ತಿದ್ದರು. ನಾನು ಪಕ್ಕದಲ್ಲಿ ಮುಲಾಮಿನ ಕೊಳವೆ ಹಿಡಿದು ಕೂತು, ನೋಡಿಯೂ ನೋಡದ ಹಾಗೆ ಅವರ ಅಂಗಾಲು ನೋಡುತ್ತಿದ್ದೆ. “ಏನ್ ನೋಡ್ತೀರಿ?” “ಏನಿಲ್ರೀ.” “ನಿಮ್ಮ ಕಾಲು ತೋರಸ್ರಿ.” ನನ್ನ ಕಾಲಿಗೆ ಔಡಲೆಣ್ಣೆ ಬಿತ್ತು, ಅವರ ಕಾಲಿಗೆ ಮುಲಾಮು. ಮರುದಿನ ಇಬ್ಬರಿಗೂ ಗುಳ್ಳೆ ಎದ್ದವು. ಅವರವು ಚಿಕ್ಕವು, ಮಗಳಿಗೆ ಫೋನಿನಲ್ಲಿ ಅಷ್ಟೇ ವರದಿ ಕೊಟ್ಟೆ. ನನ್ನವು ಬೆಲ್ಲದ ಅಚ್ಚಿನಂತಿದ್ದವು, ಅವುಗಳನ್ನು ಯಾರೂ ಕೇಳಲಿಲ್ಲ.

ಬೀಗರು ಯಾವುದಕ್ಕೂ ಅವಸರ ಮಾಡಿದವರಲ್ಲ. ಯಾರಾದರೂ ಬೇಗ ಬೇಗ ನಡೆದರೆ, “ಕಲ್ಲು ಬಿಗಿ ಮಾಡಿ ಬೀಸಿದ್ರ ಹಿಟ್ಟು ಸುಡ್ತದ, ತಮ್ಮಾ,” ಎನ್ನುತ್ತಿದ್ದರು. ಊಟಕ್ಕೆ ಅವಸರ ಮಾಡಿದವನಿಗೂ ಅದೇ ಮಾತು. ಒಬ್ಬ ಪೊಲೀಸಪ್ಪ ದಾರಿ ಬಿಡಲು ಗದರಿಸಿದಾಗ ಅವನಿಗೂ ಅದೇ ಮಾತು ಹೇಳಿದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದು ಮಲ್ಲಯ್ಯನ ಕೃಪೆ.

ತಲೆಯ ಮೇಲಿನ ಗಂಟಿನಲ್ಲಿ ಏನಿದೆ ಎಂದು ಕೇಳಲು ನನಗೆ ಮೂರ್ನಾಲ್ಕು ದಿನ ಬೇಕಾಯಿತು. “ಸೀರಿ, ಕುಪ್ಪಸ, ಉಡಿ ಸಾಮಾನ್ರೀ,” ಎಂದರು. ನಮ್ಮ ಕಡೆಯವರ ನಂಬಿಕೆ ಗೊತ್ತಿರುವುದೇ. ಶ್ರೀಶೈಲದ ಭ್ರಮರಾಂಬೆ ಕನ್ನಡ ನಾಡಿನ ಮಗಳು, ಮಲ್ಲಯ್ಯ ನಮ್ಮ ಅಳಿಯ. ಯುಗಾದಿಗೆ ತವರಿನವರು ನಡೆದು ಹೋಗಿ ಮಗಳಿಗೆ ಉಡಿ ತುಂಬಿ ಬರಬೇಕು. ಬೀಗರು ಕೋಲಿನಿಂದ ದಾರಿ ತೋರಿಸಿದರು. “ಈ ಸಾಲಿನ್ಯಾಗ ನಡ್ಯಾವ್ರೆಲ್ಲಾ ಹೆಣ್ಣಿನ ಕಡ್ಯಾವ್ರು. ನನಗರ ಮಗ ಒಬ್ಬನ, ಹೆಣ್ಣುಮಕ್ಕಳಿಲ್ಲ. ವರ್ಷಕ್ಕ ಒಮ್ಮಿ ನಾನೂ ತಲಿ ಮ್ಯಾಲೆ ಗಂಟು ಹೊತ್ತು, ಅಳಿಯನ ಮನಿಗೆ ಹೆದರಿಕೋತ ಹೋಗ್ತೀನ್ರೀ.” ಆಮೇಲೆ ನಕ್ಕು, “ನಿಮ್ಮಂಗ,” ಎಂದರು.

ಅದೇ ಹೊತ್ತಿಗೆ ಕೇಳಬೇಕಿತ್ತು. ಬಾಯಿ ತೆರೆದೆ. ಮುದುಕಿ ಹಿಂದೆಯೇ ಬರುತ್ತಿದ್ದಳು. ಬಾಯಿ ಮುಚ್ಚಿದೆ.

ಕರ್ನೂಲು ಕಳೆಯಿತು, ಆತ್ಮಕೂರು ಕಳೆಯಿತು. ಡಾಂಬರು ಮುಗಿದು ಕಾಡಿನ ಕಾಲುದಾರಿ ಶುರುವಾಯಿತು. ಅಲ್ಲಿ ಎಲೆಯುದುರಿದ ತೇಗ, ಬಿದಿರ ಮೆಳೆ, ಕಾಲಡಿಗೆ ಉರುಳುವ ಕಲ್ಲು. ನಾಗಲೂಟಿಯಲ್ಲಿ ಒಂದು ರಾತ್ರಿ ವಸ್ತಿ. ಆಮೇಲಿನದು ಪೆಚ್ಚೆರುವು, ಕಾಡಿನ ನಡುವೆ ನೀರಿರುವ ಜಾಗ, ದಾಸೋಹವೂ ಅಲ್ಲೇ. ಅಲ್ಲಿ ಕೂತು ಉಂಡು, ಬಿಸಿಲಿಳಿದ ಮೇಲೆ ಮುಂದಿನ ಭೀಮನ ಕೊಳ್ಳ ಇಳಿದು ಹತ್ತುವುದು ಎಲ್ಲರ ರೂಢಿ.

ನಾವಿಬ್ಬರು ಅಲ್ಲಿ ಕೂರಲಿಲ್ಲ. ಯಾಕೆ ಕೂರಲಿಲ್ಲ ಎಂಬುದನ್ನು ಇದ್ದ ಹಾಗೇ ಹೇಳುತ್ತೇನೆ. ಗುಂಪಿಗಿಂತ ಸ್ವಲ್ಪ ಮುಂದೆ ನಾವಿಬ್ಬರೇ ನೆರಳಿನ ಹತ್ತಿರ ಬಂದೆವು. ನನಗೆ ಕೂರಲೇಬೇಕಿತ್ತು. ಆದರೆ ಗಂಡಿನ ಕಡೆಯವರು ನಿಂತಿರುವಾಗ ಹೆಣ್ಣಿನ ಕಡೆಯವನು ಹೇಗೆ ಕೂರುವುದು?

“ಏನ್ ಮಾಡೂಣ್ರೀ?” ಎಂದೆ.

“ನೀವು ಹೆಂಗಂತೀರಿ ಹಂಗ.”

“ಛೇ ಛೇ, ನಿಮ್ಮ ಮನಸ್ಸಿದ್ದಂಗ್ರೀ.”

“ನಂದೇನದ? ನೀವು ನಡದ್ರ ನಾನೂ ನಡೀತೀನಿ.”

“ನನಗೇನಿಲ್ರೀ. ನಾ ಆರಾಮ ಇದ್ದೀನಿ.”

“ನಾನೂ ಆರಾಮರೀ.”

ಇಬ್ಬರು ಆರಾಮಿನವರು ಅನ್ನ, ನೀರು, ನೆರಳು ಮೂರನ್ನೂ ಬಿಟ್ಟು ನೆತ್ತಿಯ ಬಿಸಿಲಿಗೆ ಇಳಿದೆವು. ಹಿಂದಿನಿಂದ ಮುದುಕಿ, “ಎಲ್ಲಿಗ್ರ್ಯೋ ಯಪ್ಪಗೋಳ್ರ್ಯಾ!” ಎಂದು ಕೂಗಿದ್ದು ಕೇಳಿತು. ಬೀಗರು ತಿರುಗಲಿಲ್ಲ, ಆದ್ದರಿಂದ ನಾನೂ ತಿರುಗಲಿಲ್ಲ.

ನನ್ನ ಬಾಟಲಿಯಲ್ಲಿ ಅರ್ಧ ನೀರಿತ್ತು. ಸ್ವಲ್ಪ ದೂರ ಹೋದ ಮೇಲೆ ಅವರ ಮುಂದೆ ಹಿಡಿದೆ. “ಮೊದಲ ನೀವು ಕುಡೀರಿ,” ಎಂದರು. “ನೀವು ಕುಡೀರಿ,” ಎಂದೆ. ಅವರು ನೂಕಿದರು, ನಾನು ನೂಕಿದೆ. ಬೀಗರಿಬ್ಬರ ಮರ್ಯಾದೆಯ ನಡುವೆ ಬಾಟಲಿ ಜಾರಿತು. ನೀರು ಒಣ ಎಲೆಗಳ ಕೆಳಗೆ ಇಳಿದುಹೋಯಿತು; ಯಾರ ಮುಲಾಜಿಲ್ಲದೆ ಕುಡಿದದ್ದು ನೆಲವೊಂದೇ.

ಭೀಮನ ಕೊಳ್ಳದ ತಳ ಮುಟ್ಟುವ ಹೊತ್ತಿಗೆ ಬೀಗರ ನಾಲಿಗೆ ಒಣಗಿ ದನಿ ಮೊದಲ ಸಲ ಮನುಷ್ಯರ ದನಿಯಷ್ಟಾಗಿತ್ತು. ಎದುರಿಗೆ ಕಲ್ಲಿನ ಮೆಟ್ಟಿಲು, ಗೋಡೆಯ ಹಾಗೆ ನಿಂತ ಏರು. ಐದಾರು ಮೆಟ್ಟಿಲು ಹತ್ತಿದವರು “ಯಪ್ಪಾ!” ಎಂದು ಮೀನಖಂಡ ಹಿಡಿದುಕೊಂಡು ಕುಸಿದರು. ಗಂಟು ತಲೆಯಿಂದ ಉರುಳಿ ನನ್ನ ಕಾಲ ಹತ್ತಿರ ಬಂತು. ಚೀಲ ಬಿಚ್ಚಿದೆ. ನೋವಿಗೆ ಮಾತ್ರೆ ಇತ್ತು, ಸೆಳೆತಕ್ಕೆ ಮಾತ್ರೆ ಇತ್ತು, ತಲೆಸುತ್ತಿಗೆ ಇತ್ತು, ಉಪ್ಪು-ಸಕ್ಕರೆಯ ಪುಡಿಯೂ ಇತ್ತು. ಯಾವುದನ್ನು ನುಂಗಿಸಲೂ ಒಂದು ಗುಟುಕು ನೀರಿರಲಿಲ್ಲ. ಮಾತ್ರೆಗಳನ್ನು ಸಾಲಾಗಿ ಕಲ್ಲಿನ ಮೇಲೆ ಇಟ್ಟು, ಅಂಗಡಿ ತೆರೆದವನ ಹಾಗೆ ಕೂತೆ.

ಬೇರೇನೂ ತೋಚದೆ ಅವರ ಕಾಲು ಹಿಡಿದು ತಿಕ್ಕತೊಡಗಿದೆ. ಅವರು ಎಳೆದುಕೊಂಡರು. “ಬಿಡ್ರೀ ಬೀಗ್ರ. ಮದವ್ಯಾಗ ಕಾಲು ಹಿಡದದ್ದು ಸಾಕು.”

“ಸುಮ್ಮ ಇರ್ರಿ. ನಿಮಗ ಸಕ್ಕರಿ ಅದ. ಹುಡುಗಿ ದಿನಾ ಫೋನ್ ಮಾಡಿ ಕೇಳ್ತಾಳ,” ಎಂದುಬಿಟ್ಟೆ.

“ಏನ್ ಕೇಳ್ತಾಳ?”

“ನಿಮ್ಮ ಕಾಲ್ರೀ. ಗಾಯ ಆಗ್ಯಾದೋ ಏನಂತ.”

ಅವರು ಕಾಲು ಎಳೆದುಕೊಳ್ಳುವುದನ್ನು ಬಿಟ್ಟರು. ಆಮೇಲೆ, “ನನಗ ಆ ಪೆಚ್ಚೆರುವಿನ್ಯಾಗ ಕುಂದ್ರಬೇಕಂತ ಜೀವ ಹೋಗಾಕತ್ತಿತ್ರೀ,” ಎಂದರು.

“ಮತ್ತ ಕುಂದ್ರಬೇಕಿಲ್ರೀ?”

“ನೀವು ಆರಾಮ ಇದ್ದೀನಿ ಅಂದ್ರಿ. ಹೆಣ್ಣು ಕೊಟ್ಟ ಬೀಗ್ರ ಮುಂದ ನಾ ಸೋತೆ ಅಂತ ಹೆಂಗ ಅನ್ನೂದು?”

“ನೀವು ಕುಂದರದ ನಾ ಹೆಂಗ ಕುಂದರ್ಲಿ?”

ನಗು ಬಂತು. ಒಣಗಿದ ಗಂಟಲಿನ ನಗು, ಕೆಮ್ಮಿನ ಹಾಗೆ. ಅವರು ಉರುಳಿದ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಧೂಳು ಒರೆಸಿದರು. “ನೋಡ್ರಿ ಬೀಗ್ರ. ಈ ದಾರ್ಯಾಗ ನಾನೂ ಹೆಣ್ಣಿನ ಕಡ್ಯಾಂವ, ನೀವೂ ಹೆಣ್ಣಿನ ಕಡ್ಯಾವ್ರು. ಗಂಡಿನ ಕಡ್ಯಾಂವ ಮಲ್ಲಯ್ಯ ಒಬ್ಬನ. ಅಂವ ಮ್ಯಾಲ ಗುಡ್ಡದಾಗ ಅದಾನ, ಅಂವಗ ಕೇಳಸೂದಿಲ್ಲ. ಕಲ್ಮಲದಿಂದ ನಿಮ್ಮ ಬಾಯಾಗ ಏನೋ ಒಂದು ಮಾತು ಅದ. ನಾನೂ ದಿನಾ ನೋಡಾಕತ್ತೀನಿ. ಇಲ್ಲಿ ಅಂದುಬಿಡ್ರಿ.”

ನಾನು ಮಾತನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಬಂದಿದ್ದೆ. ‘ತಾವು ದೊಡ್ಡವರು, ತಮಗೆ ತಿಳಿಯದ್ದೇನಿದೆ’ ಎಂದು ಶುರುವಾಗುತ್ತಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

“ನನ್ನ ಮಗಳಿಗೆ ನಿಮ್ಮ ಮನಿನೂ ಬೇಕ್ರೀ, ಆ ಕೆಲಸಾನೂ ಬೇಕು. ರೊಟ್ಟಿ ಬಡೀತಾಳ, ನೀರು ತರ್ತಾಳ, ಎಲ್ಲಾ ಮಾಡ್ತಾಳ. ಆದ್ರ ಆ ಕೆಲಸ ಬಿಟ್ಟು ಬಾ ಅಂದ್ರ ಆಕಿ ಬರೂದಿಲ್ಲ.” ಇಲ್ಲಿಗೆ ನಿಲ್ಲಿಸಬೇಕಿತ್ತು. “ಹಿರ್ಯಾರು ಏನರ ಅನ್ಲಿ. ನಾನೂ ಕಳಸೂದಿಲ್ಲ.”

ಕಡೆಯ ಮಾತು ಕೇಳಿ ಮೊದಲು ಬೆಚ್ಚಿದವನು ನಾನೇ. ಹೆಂಡತಿ ಹೇಳಿಕೊಟ್ಟ ಮಾತಲ್ಲ ಅದು. ಮಗಳ ಬಾಳನ್ನು ಆ ಕೊಳ್ಳದ ತಳದಲ್ಲಿ, ಕಾಲುನೋವಿನಿಂದ ಮುಖ ಕಿವುಚಿಕೊಂಡಿದ್ದ ಮನುಷ್ಯನ ಮುಂದೆ ಚೆಲ್ಲಿಬಿಟ್ಟೆ ಎನಿಸಿತು. ಎಲ್ಲೋ ಒಂದು ಮಂಗ ಕೊಂಬೆ ಅಲ್ಲಾಡಿಸಿತು. ಬೀಗರು ಮಾತ್ರೆಗಳನ್ನು ನೋಡುತ್ತಿದ್ದರು.

“ಆತು,” ಎಂದರು.

ಗಂಟನ್ನು ಪಕ್ಕಕ್ಕಿಟ್ಟು ಮತ್ತೆ: “ಆಕಿ ಸೂಜಿ ಚುಚ್ಚಿದ್ದು ಗೊತ್ತ ಆಗಲಿಲ್ರೀ. ಕೈ ಅಷ್ಟು ಹಗರ. ಆ ಗಿರಣಿ ಸದ್ದು ನಿಂತ ಮ್ಯಾಲೆ, ‘ಮಾವ, ನೀರು ಕುಡೀರಿ’ ಅಂದಳು.” ಕಣ್ಣು ಒರೆಸಿಕೊಂಡರೋ ಬೆವರು ಒರೆಸಿಕೊಂಡರೋ ನಾನು ನೋಡಲಿಲ್ಲ, ಅಭ್ಯಾಸದಂತೆ ಕಿವಿ ನೋಡುತ್ತಿದ್ದೆ. “ನಾನ ಕರಿಯಾಕ ಬರ್ತೀನಿ. ನಿಮ್ಮ ಬೀಗತಿಗೆ ನಾ ಹೇಳ್ತೀನಿ.” ತುಸು ಯೋಚಿಸಿ, “ದೂರ ನಿಂತು ಹೇಳ್ತೀನಿ,” ಎಂದರು.

ಅಷ್ಟರಲ್ಲಿ ಗುಂಪು ಬಂತು. ಮುದುಕಿ ತನ್ನ ತಂಬಿಗೆ ಬಗ್ಗಿಸಿ ಮೊದಲು ಯಾರಿಗೆ ಎಂದು ಕೇಳದೆ ಇಬ್ಬರ ಬೊಗಸೆಗೂ ನೀರು ಹಾಕಿದಳು. “ನಿಮ್ಮ ಬೀಗತನಕ್ಕ ಬೆಂಕಿ ಹಚ್ಚಲಿ! ಕಾಡಿನ್ಯಾಗ ಯಾರ ನೋಡ್ತಾರಂತ ಈ ಮರ್ಯಾದಿ?” ಎಂದು ಇಬ್ಬರಿಗೂ ಸಮನಾಗಿ ಬೈದಳು.

ಗುಡಿಯಲ್ಲಿ ಉಡಿ ತುಂಬಿದ್ದನ್ನು ಹೆಚ್ಚು ಬರೆಯುವುದಿಲ್ಲ. ಆ ನೂಕಾಟದಲ್ಲಿ ನನಗೆ ದೇವರು ಕಂಡದ್ದೂ ಅರ್ಧ. ಬೀಗರ ದನಿ ಮಾತ್ರ ಮರಳಿ ಬಂದಿತ್ತು. ಗಂಟು ಒಪ್ಪಿಸುತ್ತ, ಅಷ್ಟೂ ಜನಕ್ಕೆ ಕೇಳುವಂತೆ, “ಮಲ್ಲಯ್ಯಾ, ನಮ್ಮ ಹುಡುಗೀನ ಚೆಂದಾಗಿ ನೋಡ್ಕೋ!” ಎಂದು ಅಬ್ಬರಿಸಿದರು. ಅಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಹೇಳಿದಂತೆ ಬಂದರು. ಯುಗಾದಿ ಕಳೆದು, ಹಿರಿಯರು ಕೂರುವ ಮೊದಲೇ, ಒಂದು ಭಾನುವಾರ ಮಾನ್ವಿಯ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಸೊಸೆಯನ್ನು ಕರೆಯಲು ಮಗನನ್ನು ಕಳಿಸುವುದು ರೂಢಿ. ಮಾವನೇ ಬಂದದ್ದನ್ನು ನಮ್ಮ ಓಣಿ ಇವತ್ತಿಗೂ ಹೇಳುತ್ತದೆ. ಮಗಳು ನೀರಿನ ಚೊಂಬು ಹಿಡಿದು ಹೊರಗೆ ಬಂದಳು. “ನಡಿಯವಾ. ನಮ್ಮದೊಂದು ಗಿರಣಿ, ನಿನ್ನದೊಂದು ಗಿರಣಿ. ಎರಡೂ ನಡೀಲಿ,” ಎಂದರು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಹೋಳಿಗೆಯ ಹೂರಣಕ್ಕೆ ಎರಡು ಸಲ ಬೆಲ್ಲ ಹಾಕಿದಳು.

ಎಲ್ಲ ಒಮ್ಮೆಲೇ ಸರಿಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೀಗತಿ ಬಹಳ ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಹೇಳುವುದೇನಾದರೂ ಇದ್ದರೆ ಎಮ್ಮೆಗೆ ಹೇಳುತ್ತಿದ್ದರಂತೆ, ಸೊಸೆ ಕೇಳಿಸಿಕೊಳ್ಳಬೇಕು. ಬೀಗರು ಆ ಮಾತಿಗೂ ಈ ಮೌನಕ್ಕೂ ಹೋಗಲಿಲ್ಲ. ದಿನಾ ಬೆಳಗ್ಗೆ ಗಿರಣಿ ತೆರೆಯುವ ಮೊದಲು ಸೊಸೆಯನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ರಾಯಚೂರಿನ ಬಸ್ಸಿಗೆ ಬಿಟ್ಟು ಬರುವುದು, ಸಂಜೆ ಕರೆತರುವುದು. ಬಸ್ಸು ಕದಲುವ ತನಕ ನಿಂತು, ಕಿಟಕಿಯೊಳಗೆ, “ಬುತ್ತಿ ತಗೊಂಡಿಯೇನವಾ!” ಎಂದು ಕೂಗುತ್ತಿದ್ದರು. ಆ ಬಸ್ಸಿನವರೆಲ್ಲ ತಮ್ಮ ತಮ್ಮ ಬುತ್ತಿ ನೋಡಿಕೊಳ್ಳುತ್ತಿದ್ದರಂತೆ. ಆ ಬುತ್ತಿಯನ್ನು ಯಾವಾಗಿನಿಂದ ಬೀಗತಿಯೇ ಕಟ್ಟತೊಡಗಿದರೋ ಮಗಳಿಗೂ ಸರಿಯಾಗಿ ನೆನಪಿಲ್ಲ. ಒಂದು ದಿನ ಬಿಚ್ಚಿದಾಗ ರೊಟ್ಟಿಯ ನಡುವೆ ತಾನು ಮಾಡದ ಶೇಂಗಾ ಹಿಂಡಿ ಇತ್ತು, ಅಷ್ಟೇ.

ಮುಂದಿನ ಯುಗಾದಿಗಳಿಗೂ ನಾವಿಬ್ಬರು ಜೊತೆಗೆ ನಡೆದೆವು. ಪೆಚ್ಚೆರುವಿನಲ್ಲಿ ಕೂತೆವು.

ಹೋದ ಮಳೆಗಾಲದಲ್ಲಿ ಬೀಗರು ಹೋದರು. ಬೆಳಗ್ಗೆ ಸೊಸೆಯನ್ನು ಬಸ್ಸಿಗೆ ಬಿಟ್ಟು ಬಂದು, ಗಿರಣಿಯ ಚಕ್ರಕ್ಕೆ ಪಟ್ಟಾ ಏರಿಸುತ್ತಿದ್ದವರು ಎದೆ ಹಿಡಿದುಕೊಂಡರಂತೆ. ಅಳಿಯ ಓಡಿ ಬಂದು ಗಿರಣಿ ನಿಲ್ಲಿಸುವ ಹೊತ್ತಿಗೆ ಮುಗಿದಿತ್ತು. ನಮ್ಮಲ್ಲಿ ಸತ್ತವರಿಗೆ ಮಣ್ಣು ಕೊಡುವುದು ಕೂಡಿಸಿಯೇ. ಕಿವಿಯ ಹಿಟ್ಟನ್ನು ಒರೆಸಲು ಯಾರೋ ವಸ್ತ್ರ ತಂದರು. ಬೀಗತಿ, “ಇರ್ಲಿ ಬಿಡ್ರಿ,” ಎಂದರು.

ಮಣ್ಣು ಮುಗಿಸಿ ಮಾನ್ವಿಗೆ ಬಂದ ಮೇಲೆ ನಾನು ನನ್ನ ಹಳೇ ಕೆಲಸಕ್ಕೆ ಕೂತೆ. ಏನೇನು ಕೆಡಬಹುದು? ಬೀಗತಿ, “ಅವರು ಇದ್ದಾಗ ನಡೀತು, ಇನ್ನ ಸಾಕು,” ಎನ್ನಬಹುದು. ಗಿರಣಿಗೆ ಒಂದು ಆಳು ಕಡಿಮೆ. ಸೊಸೆಯೇ ಕೂರಲಿ ಎನ್ನಬಹುದು. ಅಳಿಯ ಏನೂ ಅನ್ನದೆ ಇರಬಹುದು. ಮಗಳು ಏನಾದರೂ ಅಂದುಬಿಡಬಹುದು. ಹಿರಿಯರು ಮತ್ತೆ ಕೂರಬಹುದು. ಈ ಸಲ ಕೊಳ್ಳದ ತಳದಲ್ಲಿ ‘ಆತು’ ಎನ್ನುವವರು ಇಲ್ಲ. ದಿನಕರ್ಮ ಮುಗಿದು ಮಗಳು ಮತ್ತೆ ಕೆಲಸಕ್ಕೆ ಹೋಗಬೇಕಾದ ಹಿಂದಿನ ದಿನ ತಡೆಯಲಾಗದೆ ದೇವದುರ್ಗಕ್ಕೆ ಹೋದೆ. ಅಂಗಡಿಯ ಕೆಲಸವಿತ್ತು ಎಂದು ಸುಳ್ಳು ಹೇಳಿದೆ. ಯಾರೂ ನಂಬಲಿಲ್ಲ, ಉಣ್ಣಲು ಇಕ್ಕಿದರು.

ಬೆಳಗ್ಗೆ ಎದ್ದು, ಯಾರಿಗೂ ತೊಂದರೆ ಬೇಡ, ನಾನೇ ಬಿಟ್ಟು ಬರೋಣ ಎಂದು ಬೀಗರ ಸ್ಕೂಟರನ್ನು ಅಂಗಳಕ್ಕೆ ತೆಗೆದೆ. ಅಳಿಯ ಆಗಲೇ ಬೈಕು ಶುರುಮಾಡಿಕೊಂಡು ನಿಂತಿದ್ದ. “ನೀವ್ಯಾಕ್ರೀ ಮಾವ? ನಾ ಬಿಡ್ತೀನಲ್ಲ,” ಎಂದ. ಅವನಿಂದ ಅಷ್ಟುದ್ದದ ಮಾತು ನಾನು ಕೇಳಿದ್ದು ಮೊದಲ ಸಲ. “ಇರ್ಲಿ ಬಿಡ್ರಿ, ನಿಮಗ ಗಿರಣಿ ತೆಗೀಬೇಕು,” ಎಂದೆ. “ಇಲ್ರೀ, ನೀವು ಬೀಗ್ರು, ಕುಂದರ್ರಿ,” ಎನ್ನುತ್ತ ಒಳಗಿಂದ ಬೀಗತಿ ಬಂದರು. ಕಾಲಿಗೆ ಚಪ್ಪಲಿ ಮೆಟ್ಟಿದ್ದರು, ಕೈಯಲ್ಲಿ ಬುತ್ತಿಯ ಚೀಲ. “ಇಬ್ರೂ ಸುಮ್ಮ ಇರ್ರಿ. ನಾನ ನಡಸ್ಕೊಂಡು ಹೋಗಿ ಹತ್ತಸಿ ಬರ್ತೀನಿ. ನಾಕು ಹೆಜ್ಜಿ ಅದ.”

“ನೀವ್ಯಾಕ್ರೀ ಈ ಥಂಡ್ಯಾಗ?” ಎಂದೆ.

“ನೀವ್ಯಾಕ್ರೀ ದೂರದಿಂದ ಬಂದಾವ್ರು?” ಎಂದರು.

“ಯವ್ವಾ, ನಿನ್ನ ಮೊಣಕಾಲು,” ಎಂದ ಅಳಿಯ.

“ನನ್ನ ಮೊಣಕಾಲಿಗೇನಾಗ್ಯಾದ?”

ಮಗಳು ಹೊಸ್ತಿಲ ಮೇಲೆ ನಿಂತು ಒಮ್ಮೆ ನನ್ನನ್ನು, ಒಮ್ಮೆ ಗಂಡನನ್ನು, ಒಮ್ಮೆ ಅತ್ತೆಯನ್ನು ನೋಡುತ್ತಿದ್ದಳು. ಊರ ಮುಂದಿನ ತಿರುವಿನಲ್ಲಿ ಹಾರ್ನ್ ಕೇಳಿತು. ಮೂವರೂ ಅತ್ತ ತಿರುಗಿದೆವು.

“ಬಸ್ಸು ಹೋತು,” ಎಂದಳು ಮಗಳು.